ಸ್ಪೇಸ್ ಬಾರ್ ಒತ್ತಿದಾಗ ಅತ್ತ ಮಗು

ನನ್ನ ಅಕ್ಕ ಬೈಂದೂರಿನಲ್ಲಿ ಮೀನು ಮಾರುತ್ತಾಳೆ, ಬಿಡುವಾದಾಗ ನಾಟಕದಲ್ಲಿ ಪಾರ್ಟು ಮಾಡುತ್ತಾಳೆ. ನಾನು ಕುಂದಾಪುರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಸುತ್ತೇನೆ. ಈ ಎರಡಕ್ಕೂ ಸಂಬಂಧ ಕಟ್ಟಿದವಳು ಅಕ್ಕನೇ. ಒಂದು ದಿನ ಬೆಳಿಗ್ಗೆ ಫೋನ್ ಮಾಡಿ, "ಹ್ವಾಯ್, ಬಪ್ಪ ಆಯ್ತಾರ ಶಿರೂರಿಗ್ ಬಾ. ನಾನ್ ಹೇಳಿ ಆಯ್ತ್" ಎಂದಳು.

"ಎಂತ ಹೇಳಿ ಆಯ್ತ್?"

"ನನ್ ತಂಗಿಗ್ ಕಂಪ್ಯೂಟರ್ ಪೂರಾ ಗೊತ್ತಿತ್ತ್, ನಾಟ್ಕದ ಸೌಂಡ್ ಅದೇ ಮಾಡತ್ತ್ ಅಂದೆ."

ನನಗೆ ಕಂಪ್ಯೂಟರ್ ಪೂರಾ ಗೊತ್ತಿರಲಿಲ್ಲ. ಮಗಳು ಹೈಸ್ಕೂಲಿಗೆ ಹೋದ ಮೇಲೆ ಮಧ್ಯಾಹ್ನ ಸಿಗುವ ಬಿಡುವಿನಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಸ್ವಲ್ಪ ಪ್ರೋಗ್ರಾಮಿಂಗ್ ಕಲಿತಿದ್ದೆ. ಪರದೆಯ ಮೇಲೆ ಒಂದು ಕಿಟಕಿ ತೆರೆಸುವುದು, ಅದರಲ್ಲೊಂದು ಬಟನ್ ಕೂರಿಸುವುದು, ಒತ್ತಿದರೆ ಏನಾದರೂ ಆಗುವಂತೆ ಮಾಡುವುದು. ಬಟನ್ ಒತ್ತಿದಾಗ "ನಮಸ್ಕಾರ" ಎಂದು ಬರುವ ಪ್ರೋಗ್ರಾಂ ಒಂದನ್ನು ಅಕ್ಕನಿಗೆ ತೋರಿಸಿದ್ದೆ. ಅವಳ ಲೆಕ್ಕದಲ್ಲಿ ಅದೇ ಪೂರಾ.

ನಾಟಕ ತಂಡದ ನಿರ್ದೇಶಕರು ಶಿರೂರಿನ ಒಣಮೀನು ವ್ಯಾಪಾರಿ. ರಿಹರ್ಸಲ್ ನಡೆಯುವುದು ಅವರ ಗೋದಾಮಿನಲ್ಲಿ, ಭಾನುವಾರ ಮಧ್ಯಾಹ್ನ, ಮೀನಿನ ಚೀಲಗಳನ್ನು ಒಂದು ಬದಿಗೆ ಸರಿಸಿ. ಹಿಂದಿನ ನಾಟಕದಲ್ಲಿ ಹಿನ್ನೆಲೆಯ ಸದ್ದುಗಳನ್ನು ಯಾರದೋ ಮೊಬೈಲಿನಿಂದ ಹಾಕುತ್ತಿದ್ದರಂತೆ. ಸಾವಿನ ದೃಶ್ಯದ ಮಧ್ಯದಲ್ಲಿ ಆ ಮೊಬೈಲಿಗೆ ಕರೆ ಬಂದು, ಸ್ಪೀಕರಿನಲ್ಲಿ ಸಿನಿಮಾ ಹಾಡಿನ ರಿಂಗ್‌ಟೋನ್ ಹೊಡೆದು, ಸತ್ತವನೇ ನಕ್ಕುಬಿಟ್ಟಿದ್ದನಂತೆ.

"ಟೀಚರೇ, ಇನ್ ಮೊಬೈಲ್ ಬ್ಯಾಡ" ಎಂದರು ನಿರ್ದೇಶಕರು. "ಒಂದ್ ಕೀ ಒತ್ರೆ ಒಂದ್ ಸೌಂಡ್ ಬರ್ಕ್, ಇನ್ನೊಂದ್ ಒತ್ರೆ ನಿಲ್ಕ್. ಅಷ್ಟೇ. ಮತ್ತೆಂತ ಇಲ್ಲೆ."

ಅಷ್ಟೇ ಎಂದು ನಾನೂ ಅಂದುಕೊಂಡೆ.

ಹೊಸ ನಾಟಕದಲ್ಲಿ ಅಕ್ಕ ತಾಯಿ. ಮಗ ದೂರದ ಕಡಲಿಗೆ ಮೀನು ಹಿಡಿಯಲು ಹೋಗಿದ್ದಾನೆ, ದೋಣಿ ತಿರುಗಿ ಬಂದಿಲ್ಲ. ಬೇಕಾದ ಸದ್ದುಗಳು ಅಲೆ, ಗಾಳಿ, ಮಳೆ, ದೇವಸ್ಥಾನದ ಗಂಟೆ, ದೋಣಿಯ ಇಂಜಿನ್, ಕೊನೆಯಲ್ಲಿ ಪಕ್ಕದ ಮನೆಯಿಂದ ಕೇಳುವ ಎಳೆಮಗುವಿನ ಅಳು. ಒಂದೊಂದಕ್ಕೆ ಒಂದೊಂದು ಬಟನ್ ಮಾಡಿದೆ. ಮೇಲೆ ಒಂದು ಮೆನು ಕೂರಿಸಿದೆ. ಮೆನು ಇದ್ದರೆ ಪ್ರೋಗ್ರಾಮಿಗೆ ಒಂದು ಗತ್ತು ಬರುತ್ತದೆ ಎಂದು ನನ್ನ ನಂಬಿಕೆ. ಮೆನುವಿನಲ್ಲಿ ಸದ್ದಿನ ಹೆಸರು, ಅದರ ಪಕ್ಕದಲ್ಲಿ ಯಾವ ಕೀ ಒತ್ತಬೇಕೆಂಬ ಅಕ್ಷರ. ಮಳೆಯ ಪಕ್ಕ ಎಂ, ಗಂಟೆಯ ಪಕ್ಕ ಜಿ. ನೋಡಲು ದೊಡ್ಡ ಕಂಪನಿಯವರು ಮಾಡಿದ ಹಾಗೆಯೇ ಇತ್ತು.

ಎಂ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಮೌಸಿನಿಂದ ಮೆನು ತೆರೆದು ಮಳೆಯ ಮೇಲೆ ಕ್ಲಿಕ್ ಮಾಡಿದರೆ ಮಳೆ ಬರುತ್ತಿತ್ತು, ಎಂ ಒತ್ತಿದರೆ ಇಲ್ಲ. ನಾನು ಬರೆದದ್ದನ್ನೆಲ್ಲ ತಿರುತಿರುಗಿ ಓದಿದೆ. ಸೆಂಟರಿನಲ್ಲಿ ಒಂದು ಕೀಬೋರ್ಡ್ ಬದಲಿಸಿಯೂ ನೋಡಿದೆ. ಕೊನೆಗೆ ತಿಳಿದದ್ದು ಇಷ್ಟು. ಮೆನುವಿನಲ್ಲಿ ಹೆಸರಿನ ಪಕ್ಕ ಬರೆಯುವ ಅಕ್ಷರ ಬರೀ ಬರಹ. ಅಂಗಡಿಯ ಮುಂದೆ ಬೋರ್ಡು ಬರೆಸಿದರೆ ಒಳಗೆ ಸಾಮಾನು ಬಂದು ಕೂರುವುದಿಲ್ಲವಲ್ಲ, ಹಾಗೆ. ಆ ಕೀ ಒತ್ತಿದಾಗ ಈ ಕೆಲಸ ಮಾಡು ಎಂದು ಬೇರೆಯಾಗಿಯೇ ಬರೆಯಬೇಕು. ಇಷ್ಟು ವರ್ಷ ಮಕ್ಕಳಿಗೆ "ಮೆನು ನೋಡಿ, ಪಕ್ಕದಲ್ಲೇ ಶಾರ್ಟ್‌ಕಟ್ ಇದೆ" ಎಂದು ಹೇಳುತ್ತಾ ಬಂದವಳು ನಾನು. ಅದು ತಾನಾಗಿ ಅಲ್ಲಿರುತ್ತದೆ ಎಂದೇ ತಿಳಿದಿದ್ದೆ.

ಬೇರೆಯಾಗಿ ಬರೆದೆ. ಮನೆಯಲ್ಲಿ ಎಲ್ಲ ಸರಿಯಾಯಿತು. ಮುಂದಿನ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಬಸ್ಸು ಹತ್ತಿ ಶಿರೂರಿಗೆ ಹೋದೆ. ನಿರ್ದೇಶಕರು "ಹ್ಞಾ, ಮಳೆ!" ಎಂದರು. ಎಂ ಒತ್ತಿದೆ. ಮಳೆ ಇಲ್ಲ.

"ಟೀಚರೇ, ಮಳೆ ಬರ್ಲಿಲ್ಲೆ."

"ಮನೆಯಂಗೆ ಬಂದಿತ್ತ್ ಅಣ್ಣ."

"ಮನೆಯಂಗ್ ಬಂದ್ರೆ ನಂಗೆಂತ ಮಾರಾಯ್ರೆ?"

ಎಲ್ಲರೂ ನನ್ನ ಸುತ್ತ ನಿಂತರು. ಒಂದು ಕೀಯೂ ಕೇಳಲಿಲ್ಲ. ಮನೆಯಲ್ಲಿ ಇದ್ದದ್ದು ಇದೇ ಲ್ಯಾಪ್‌ಟಾಪ್, ಇದೇ ಪ್ರೋಗ್ರಾಂ, ಇದೇ ನನ್ನ ಬೆರಳು. ಉಪ್ಪುಗಾಳಿಗೆ ಏನಾದರೂ ಆಯಿತೋ ಎಂದು ಕೂಡ ಯೋಚಿಸಿದೆ. ರಿಹರ್ಸಲ್ ಸದ್ದಿಲ್ಲದೆ ನಡೆಯಿತು, ನಾನು ಮೂಲೆಯ ಸ್ಟೂಲಿನಲ್ಲಿ ಕೂತು ಒತ್ತುತ್ತಲೇ ಇದ್ದೆ. ಹೊರಡುವ ಮೊದಲು ಏನು ತಪ್ಪಾಯಿತೆಂದು ಬರೆದಿಟ್ಟುಕೊಳ್ಳೋಣವೆಂದು ಹೊಸ ಪುಟ ತೆರೆದು ಟೈಪ್ ಮಾಡಿದರೆ ಅಕ್ಷರಗಳೆಲ್ಲ ದೊಡ್ಡದಾಗಿ ಬಂದವು. ಕ್ಯಾಪ್ಸ್ ಲಾಕ್ ಒತ್ತಿ ಹೋಗಿತ್ತು. ಪ್ರೋಗ್ರಾಮಿಗೆ ನಾನು ಹೇಳಿಕೊಟ್ಟದ್ದು ಇಂಗ್ಲಿಷಿನ ಸಣ್ಣ ಎಂ. ದೊಡ್ಡ ಎಂ ಬಂದರೆ ಅದಕ್ಕೆ ಗುರುತೇ ಇಲ್ಲ. ನಮ್ಮ ಕಣ್ಣಿಗೆ ಕೀ ಒಂದೇ, ಅದರ ಮೇಲೆ ಒತ್ತುವ ಬೆರಳೂ ಒಂದೇ, ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ.

ಹೀಗೆಯೇ ಒಂದೊಂದು ವಾರ ಒಂದೊಂದು ಪೇಚು. ಗಂಟೆಯ ಕೀ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಗಂಟೆ ಒಂದರ ಮೇಲೊಂದು ಬಿದ್ದು ದೇವಸ್ಥಾನಕ್ಕೆ ಬೆಂಕಿ ಬಿದ್ದ ಹಾಗೆ ಕೇಳುತ್ತಿತ್ತು. ಆಲ್ಟ್ ಕೀಗೆ ಕೈ ತಾಗಿದರೆ ಕಂಪ್ಯೂಟರಿನ ಗಮನ ಮೆನುವಿಗೆ ಹೋಗಿ ಉಳಿದ ಕೀಗಳೆಲ್ಲ ಸತ್ತಂತಾಗುತ್ತಿದ್ದವು. ಒಂದನ್ನು ಸರಿ ಮಾಡಿದಾಗಲೆಲ್ಲ ಇನ್ನು ಮುಗಿಯಿತು ಅನ್ನಿಸುತ್ತಿತ್ತು. ಎಲ್ಲ ಸದ್ದುಗಳನ್ನೂ ಒಟ್ಟಿಗೆ ನಿಲ್ಲಿಸಲು ಸ್ಪೇಸ್ ಬಾರ್ ಇಟ್ಟೆ. ಅದು ಉದ್ದ, ಕತ್ತಲೆಯಲ್ಲಿಯೂ ಕೈಗೆ ಸಿಗುತ್ತದೆ. ಅದೊಂದು ಮಾತ್ರ ಮೊದಲ ದಿನದಿಂದಲೂ ತಪ್ಪಲಿಲ್ಲ.

ಉಳಿದದ್ದು ಮಗುವಿನ ಅಳು. ಇಂಟರ್ನೆಟ್ಟಿನಿಂದ ಇಳಿಸಿಕೊಂಡದ್ದು ನಿರ್ದೇಶಕರಿಗೆ ಹಿಡಿಸಲಿಲ್ಲ. "ಇದ್ ಮಗು ಅಲ್ಲ ಟೀಚರೇ, ಬೆಕ್ಕ್. ನಮ್ ಬದಿ ಮಕ್ಳ್ ಹೀಂಗ್ ಕೂಗುದಿಲ್ಲೆ" ಎಂದರು. ಬೇರೆ ಹುಡುಕುತ್ತೇನೆಂದು ಹೇಳಿ ಹುಡುಕದೆಯೇ ಉಳಿದೆ.

ಮೊದಲ ಪ್ರದರ್ಶನ ಬ್ರಹ್ಮಾವರದಲ್ಲಿ, ಹವ್ಯಾಸಿ ತಂಡಗಳ ಸ್ಪರ್ಧೆಯಲ್ಲಿ. ನಮ್ಮದು ಮಧ್ಯಾಹ್ನ ಊಟದ ನಂತರದ ನಾಟಕ. ಆ ದಿನ ಬೆಳಿಗ್ಗೆ ಅಳುವಿನ ನೆನಪಾಗಿ ಗಾಬರಿಯಾಯಿತು. ಮನೆಯ ಕಂಪ್ಯೂಟರಿನಲ್ಲಿ ಹಳೆಯ ಮೊಬೈಲಿನಿಂದ ತೆಗೆದಿಟ್ಟ ಫೋಟೋ, ರೆಕಾರ್ಡಿಂಗುಗಳ ರಾಶಿಯೊಂದು ಇತ್ತು. ಅದರಲ್ಲಿ ನನ್ನ ಮಗಳು ಹಸುಗೂಸಾಗಿದ್ದಾಗ ಅತ್ತದ್ದು ಸಿಕ್ಕಿತು.

ಅದನ್ನು ರೆಕಾರ್ಡ್ ಮಾಡಿದವಳು ಅಕ್ಕ. ಹೆರಿಗೆಯಾಗಿ ಸ್ವಲ್ಪ ದಿನಕ್ಕೆ ನನಗೆ ನಂಜೇರಿ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಬಿಟ್ಟು ಬಂದ ಮೇಲೂ ಎದ್ದು ಕೂರುವುದಕ್ಕೆ ತಿಂಗಳುಗಳು ಹಿಡಿದವು. ಮಕ್ಕಳಿಲ್ಲದ ಅಕ್ಕ ಮೀನಿನ ಬುಟ್ಟಿಯನ್ನು ಮಗುಚಿಟ್ಟು, ನನ್ನ ಮಗುವನ್ನು ಬೈಂದೂರಿಗೆ ಎತ್ತಿಕೊಂಡು ಹೋದಳು. ವಾರ್ಡಿನೊಳಗೆ ಮಗುವನ್ನು ಬಿಡುತ್ತಿರಲಿಲ್ಲ. ಅದಕ್ಕೆ ಅದರ ಧ್ವನಿಯನ್ನು ಭಾವನ ಮೊಬೈಲಿನಲ್ಲಿ ತುಂಬಿ ತಂದು ನನ್ನ ಕಿವಿಗೆ ಹಿಡಿಯುತ್ತಿದ್ದಳು. ಜ್ವರದ ಮಂಪರಿನಲ್ಲಿ ಕೇಳಿದ್ದು ನನಗೆ ಸರಿಯಾಗಿ ನೆನಪೂ ಇಲ್ಲ.

ಆ ಬೆಳಿಗ್ಗೆ ನಾನು ಇದನ್ನೆಲ್ಲ ಯೋಚಿಸಲಿಲ್ಲ. ಮಗುವಿನ ಅಳು ಬೇಕಿತ್ತು, ಸಿಕ್ಕಿತು. ಬೆಕ್ಕಿನದನ್ನು ತೆಗೆದು ಇದನ್ನು ಹಾಕಿದೆ. ಬ್ರಹ್ಮಾವರಕ್ಕೆ ಹೋಗಿ ಅಕ್ಕನಿಗೆ ಹೇಳೋಣವೆಂದರೆ ಅವಳು ಬಣ್ಣಕ್ಕೆ ಕೂತಿದ್ದಳು, ಮಾತಾಡುವ ಹಾಗಿರಲಿಲ್ಲ. ಪರದೆ ಏಳುವ ಮುಂಚೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೌಸಿನಿಂದ ಅಳುವಿನ ಬಟನ್ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಕೇಳುತ್ತದೆಂದು ಖಾತ್ರಿ ಮಾಡಿಕೊಂಡು, ಅದೇ ಬಟನ್ ಮೇಲೆ ಇನ್ನೊಂದು ಕ್ಲಿಕ್ ಮಾಡಿ ನಿಲ್ಲಿಸಿದೆ. ಹೆಡ್‌ಫೋನ್ ತೆಗೆದು ಸ್ಪೀಕರಿನ ವಯರು ಸಿಕ್ಕಿಸಿದೆ.

ನಾಟಕ ಚೆನ್ನಾಗಿ ಎದ್ದಿತು. ಅಲೆ, ಗಾಳಿ, ಇಂಜಿನ್, ಒಂದೂ ತಪ್ಪಲಿಲ್ಲ. ನಡುವಿನಲ್ಲೊಂದು ದೃಶ್ಯ ಬರುತ್ತದೆ. ದೋಣಿ ಸಿಗಲಿಲ್ಲವೆಂದು ಊರವನೊಬ್ಬ ಬಂದು ಹೇಳಿ ಹೋಗುತ್ತಾನೆ. ಅಷ್ಟು ಹೊತ್ತು ಹಿನ್ನೆಲೆಯಲ್ಲಿದ್ದ ಕಡಲಿನ ಸದ್ದು ಆಗ ಫಕ್ಕನೆ ನಿಲ್ಲಬೇಕು. ತಾಯಿ ಪ್ರೇಕ್ಷಕರಿಗೆ ಬೆನ್ನು ಹಾಕಿ ಸುಮ್ಮನೆ ಕೂತಿರಬೇಕು. ಮಾತಿಲ್ಲ, ಸದ್ದಿಲ್ಲ.

ಸ್ಪೇಸ್ ಬಾರ್ ಒತ್ತಿದೆ. ಕಡಲು ನಿಂತಿತು. ಬೆರಳು ಎತ್ತಿದೆ. ಮಗು ಅಳತೊಡಗಿತು.

ಏನಾಯಿತೆಂದು ನನಗೆ ತಿಳಿಯಲೇ ಇಲ್ಲ. ಅಳುವಿನ ಕೀ ಕೀಬೋರ್ಡಿನ ಇನ್ನೊಂದು ತುದಿಯಲ್ಲಿತ್ತು, ಅದರ ಹತ್ತಿರ ನನ್ನ ಕೈ ಹೋಗಿರಲಿಲ್ಲ. ನಿಲ್ಲಿಸಲು ಮತ್ತೆ ಸ್ಪೇಸ್ ಬಾರ್ ಒತ್ತಿದೆ. ಅಳು ನಿಂತಿತು, ಕೈ ತೆಗೆದ ಕೂಡಲೇ ಮೊದಲಿನಿಂದ ಶುರುವಾಯಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ಅದೇ. ಸುಮ್ಮನಾಗಿಸಲು ಹೋದಷ್ಟೂ ಮಗು ಹೊಸದಾಗಿ ಅಳುತ್ತಿತ್ತು. ಎದುರು ಬದಿಯ ಪರದೆಯ ಸಂದಿನಲ್ಲಿ ನಿರ್ದೇಶಕರು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ನಿಂತಿದ್ದರು.

ಅಷ್ಟರಲ್ಲಿ ಅಕ್ಕ ಎದ್ದಳು. ಏಳುವುದು ನಾಟಕದಲ್ಲಿ ಇರಲಿಲ್ಲ. ಅಳು ಬಂದ ಕಡೆಗೆ, ಎಂದರೆ ನಾನು ಕೂತಿದ್ದ ಕಡೆಗೆ, ಕಿವಿಗೊಟ್ಟು ನೋಡಿದಳು. ಆ ಮುಖವನ್ನು ನಾನು ಯಾವ ರಿಹರ್ಸಲ್ಲಿನಲ್ಲೂ ಕಂಡಿರಲಿಲ್ಲ. ಹಗ್ಗದ ಮೇಲೆ ಒಣಹಾಕಿದ್ದ ಹಳೆ ಸೀರೆಯನ್ನು ಎಳೆದು, ಸುತ್ತಿ, ತೋಳಿನ ಮೇಲೆ ಮಲಗಿಸಿಕೊಂಡಳು.

"ಬಂದೆ ಹೆಣ್ಣೆ, ಬಂದೆ. ಇಲ್ಲೇ ಇದ್ದೆ ಕಾಣ್. ಎಲ್ಲಿಗ್ ಹೋತೆ ನಾನ್?"

ನಾಟಕದಲ್ಲಿ ಕಡಲಿಗೆ ಹೋದವನು ಗಂಡುಮಗ. ಅವಳು ಹೆಣ್ಣೆ ಎಂದದ್ದು ಬೇರೆ ಯಾರ ಗಮನಕ್ಕೂ ಬಂದಂತಿರಲಿಲ್ಲ. ಸೀರೆಯ ಗಂಟನ್ನು ತಟ್ಟುತ್ತಾ ಅವಳು ರಂಗದ ಮೇಲೆ ಆಚೆ ಈಚೆ ನಡೆದಳು. ನಾನು ಕೊನೆಗೆ ಸ್ಪೀಕರಿನಿಂದ ವಯರನ್ನೇ ಕಿತ್ತೆ. ಸದ್ದು ನಿಂತ ಮೇಲೂ ಅವಳು ತಟ್ಟುವುದನ್ನು ನಿಲ್ಲಿಸಲಿಲ್ಲ. ನಿಧಾನಕ್ಕೆ ಬಗ್ಗಿ, ಸೀರೆಯನ್ನು ಚಾಪೆಯ ಮೇಲೆ ಮಲಗಿಸಿ, ಬೆನ್ನು ಹಾಕಿ ಕೂತಳು. ಆಮೇಲೆ ಚಪ್ಪಾಳೆ ಬಿತ್ತು.

ಉಳಿದ ನಾಟಕ ಸದ್ದುಗಳಿಲ್ಲದೆಯೇ ಮುಗಿದ ಮೇಲೆ ಬೈಸಿಕೊಳ್ಳಲು ತಯಾರಾಗಿ ನಿಂತಿದ್ದೆ. ನಿರ್ದೇಶಕರು ಓಡಿ ಬಂದು, "ಟೀಚರೇ, ಎಂತಾ ಐಡಿಯಾ ಮಾರಾಯ್ರೆ! ನಂಗ್ ಒಂದ್ ಮಾತ್ ಮೊದ್ಲೇ ಹೇಳುಕ್ ಆಗ್ದಾ?" ಎಂದರು.

"ಅದ್ ನಾನ್ ಮಾಡದ್ದಲ್ಲ ಅಣ್ಣ. ಹ್ಯಾಂಗ್ ಆಯ್ತೋ ನಂಗೇ ಗೊತ್ತಿಲ್ಲೆ."

"ಹ್ಯಾಂಗಾರೂ ಆಯ್ಲಿ. ಇನ್ ಪ್ರತಿ ಸರ್ತಿ ಹಾಂಗೇ ಆಯ್ಕ್."

ಅಕ್ಕ ಬಣ್ಣ ತೊಳೆಯುತ್ತಿದ್ದಳು. ನನ್ನನ್ನು ಒಮ್ಮೆ ನೋಡಿ, ಮತ್ತೆ ಮುಖಕ್ಕೆ ನೀರು ಹಾಕಿಕೊಂಡಳು. ನಾನು ವಯರು ಸುತ್ತಿಡಲು ಹೋದೆ.

ಮರುದಿನದಿಂದ ನನ್ನ ಅವಸ್ಥೆ ವಿಚಿತ್ರವಾಯಿತು. ಪ್ರೋಗ್ರಾಂ ಮಾಡುವವರು ತಪ್ಪನ್ನು ಓಡಿಸಲು ಒದ್ದಾಡುತ್ತಾರೆ. ನಾನು ತಪ್ಪನ್ನು ಮತ್ತೆ ಬರಿಸಲು ಒದ್ದಾಡುತ್ತಿದ್ದೆ. ಅಲೆ ಹಾಕಿ ಸ್ಪೇಸ್ ಬಾರ್ ಒತ್ತಿದೆ, ನಿಂತಿತು. ಮಗು ಅಳಲಿಲ್ಲ. ಕ್ಯಾಪ್ಸ್ ಲಾಕ್ ಹಾಕಿ ನೋಡಿದೆ, ತೆಗೆದು ನೋಡಿದೆ. ಆಲ್ಟ್ ಒತ್ತಿ ನೋಡಿದೆ. ಗಾಬರಿಯಲ್ಲಿ ಕೈ ನಡುಗಿದ್ದರಿಂದ ಹಾಗಾಯಿತೋ ಎಂದು ಬೇಕೆಂದೇ ಕೈ ನಡುಗಿಸಿದ್ದೂ ಉಂಟು. ಬರೆದದ್ದನ್ನು ಓದಿದರೆ ಸ್ಪೇಸ್ ಬಾರ್ ಎಂಬಲ್ಲಿ ಎಲ್ಲ ನಿಲ್ಲಿಸು ಎಂದಷ್ಟೇ ಇತ್ತು. ಮಗುವನ್ನು ಅಳಿಸು ಎಂದು ಎಲ್ಲಿಯೂ ಇರಲಿಲ್ಲ. ಕಂಡದ್ದು ನಿಜವೇ ಎಂದು ನನ್ನ ಮೇಲೆಯೇ ಸಂಶಯ ಬರಲು ಶುರುವಾಯಿತು.

ಉತ್ತರ ಸಿಕ್ಕಿದ್ದು ಸೆಂಟರಿನಲ್ಲಿ, ಪಾಠದ ಮಧ್ಯದಲ್ಲಿ. ಮೌಸ್ ಕೆಟ್ಟರೆ ಏನು ಮಾಡಬೇಕೆಂದು ಹೊಸ ಬ್ಯಾಚಿಗೆ ಹೇಳುತ್ತಿದ್ದೆ. "ಟ್ಯಾಬ್ ಕೀ ಒತ್ತುತ್ತಾ ಹೋಗಿ. ಯಾವ ಬಟನ್ನಿನ ಸುತ್ತ ಸಣ್ಣ ಗೆರೆ ಬರುತ್ತದೋ, ಕಂಪ್ಯೂಟರಿನ ಗಮನ ಅದರ ಮೇಲೆ ಇದೆ ಎಂದರ್ಥ. ಆಗ ಸ್ಪೇಸ್ ಬಾರ್ ಒತ್ತಿದರೆ ಆ ಬಟನ್ನನ್ನೇ ಒತ್ತಿದ ಹಾಗೆ" ಎನ್ನುತ್ತಾ ಅಲ್ಲಿಗೇ ಮಾತು ನಿಂತುಹೋಯಿತು. ಮಕ್ಕಳು ನನ್ನ ಮುಖ ನೋಡಿದರು.

ಬ್ರಹ್ಮಾವರದಲ್ಲಿ ಪರದೆ ಏಳುವ ಮುಂಚೆ ಅಳುವಿನ ಬಟನ್ನನ್ನು ಮೌಸಿನಿಂದ ಕ್ಲಿಕ್ ಮಾಡಿದ್ದೆನಲ್ಲ, ಗಮನ ಅದರ ಮೇಲೆಯೇ ಕೂತುಬಿಟ್ಟಿತ್ತು. ಆಮೇಲೆ ಒಂದೊಂದು ಸಲ ಸ್ಪೇಸ್ ಬಾರ್ ಒತ್ತಿದಾಗಲೂ ಎರಡು ಕೆಲಸ ಆಗುತ್ತಿದ್ದವು. ಒತ್ತುವಾಗ ನಾನು ಹೇಳಿದ್ದು, ಎಲ್ಲ ನಿಲ್ಲು ಎಂದು. ಕೈ ಎತ್ತುವಾಗ ನಾನು ಹೇಳದೆ ಇದ್ದದ್ದು, ಆ ಬಟನ್ ಒತ್ತಿದಂತೆ ಎಂದು. ಆ ಬಟನ್ ಮೇಲೆ ಗಮನ ಕೂತ ನಂತರ ನಾನು ಸ್ಪೇಸ್ ಬಾರ್ ಮುಟ್ಟಿದ್ದು ಆ ದೃಶ್ಯದಲ್ಲೇ ಮೊದಲು. ರಿಹರ್ಸಲ್ಲಿನಲ್ಲಿ ಮೌಸನ್ನೇ ಮುಟ್ಟುತ್ತಿರಲಿಲ್ಲ.

ಕಾರಣ ತಿಳಿದು ಹಗುರವಾಗಬೇಕಿತ್ತು. ಆಗಲಿಲ್ಲ. ಅರ್ಥವಾಗದೆ ಉಳಿದದ್ದು ಅಕ್ಕನ ಮುಖ.

ಒಂದು ಮಧ್ಯಾಹ್ನ ಬೈಂದೂರಿಗೆ ಹೋದೆ. ಮಾರ್ಕೆಟ್ಟಿನಲ್ಲಿ ಅಕ್ಕನ ಮುಂದೆ ಗಿರಾಕಿ ಇರಲಿಲ್ಲ. ಯಾರೋ ಹೇಳಿ ಹೋಗಿದ್ದ ಬಂಗುಡೆಯನ್ನು ಕೊಯ್ದು ಇಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಅದ್ ನಮ್ ಹೆಣ್ಣಿನ್ ಕೂಗ್ ಅಲ್ದಾ?" ಎಂದಳು.

"ಹೌದ್. ನಿಂಗೆ ಮೊದ್ಲೇ ಹೇಳುವ ಅಂದ್ರೆ ನೀನ್ ಬಣ್ಣಕ್ ಕೂತಿದ್ದೆ."

"ಹೇಳ್ದಿದ್ದದ್ ಒಳ್ಳೇದಾಯ್ತ್." ಒಂದು ಮೀನು ಮುಗಿಸಿ ಇನ್ನೊಂದು ತೆಗೆದುಕೊಂಡಳು. "ನಾಟ್ಕ ಅಂಬುದೇ ಮರ್ತ್ ಹೋಯ್ತ್ ಕಾಣ್ ನಂಗೆ. ಹಾಲ್ ಬಿಸಿ ಮಾಡುಕ್ ಇಟ್ಟಿದ್ನಾ ಇಲ್ಯಾ ಅಂತ ಮಂಡೆಯಂಗ್ ಬಂತ್."

ನಾನು ಎದ್ದು ಓಡಾಡುವಂತಾದ ಮೇಲೆ ಅಕ್ಕ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿ, ಅದೇ ಬಸ್ಸಿಗೆ ತಿರುಗಿ ಹೋಗಿದ್ದಳು. ಮರುದಿನವೇ ಬುಟ್ಟಿ ಹೊತ್ತಿದ್ದಳಂತೆ. ಆ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿದವರಲ್ಲ.

"ನಿರ್ದೇಶಕ್ರ್ ಅದನ್ ಪ್ರತಿ ಸರ್ತಿ ಹಾಕ್ ಅಂತ್ರ್" ಎಂದೆ. "ನಿಂಗ್ ಬ್ಯಾಡ ಅಂದ್ರೆ ತೆಗಿತೆ. ಬೇರೆ ಮಗುವಿನ್ ಕೂಗ್ ಹುಡ್ಕತೆ."

ಅವಳು ಕತ್ತಿಯನ್ನು ನೀರಿನಲ್ಲಿ ಅದ್ದಿ ತೊಳೆದಳು. "ಹಾಕ್" ಎಂದಳು. "ಅದನ್ನೇ ಹಾಕ್. ಆರೆ ಎಲ್ಲಿ ಹಾಕ್ತೆ ಅಂತ ನಂಗ್ ಹೇಳ್ಬೇಡ."

ಪ್ರೋಗ್ರಾಮನ್ನು ಸರಿಪಡಿಸುವುದು ಕಷ್ಟವಾಗಲಿಲ್ಲ. ಯಾವ ಬಟನ್ ಮೇಲೂ ಗಮನ ಕೂರದಂತೆ ಮಾಡಿದೆ. ಸ್ಪೇಸ್ ಬಾರ್ ಎಂದರೆ ನಿಲ್ಲಿಸುವುದು ಮಾತ್ರ, ಅಳುವಿಗೆ ಅದರದ್ದೇ ಕೀ. ಕಷ್ಟವಾದದ್ದು ಆ ಕೀಯನ್ನು ಯಾವಾಗ ಒತ್ತುವುದು ಎಂಬುದು. ಅದನ್ನು ನಿರ್ದೇಶಕರಿಗೂ ಹೇಳುವಂತಿಲ್ಲ, ಹೇಳಿದರೆ ಅವರು ಅಕ್ಕನಿಗೆ ಹೇಳದೆ ಇರುವವರಲ್ಲ.

ಎರಡನೆಯ ಪ್ರದರ್ಶನ ಕೊಕ್ಕರ್ಣೆಯ ಹತ್ತಿರದ ಒಂದು ಶಾಲೆಯಲ್ಲಿ, ಮಧ್ಯಾಹ್ನದ ಮೇಲೆ. ದೋಣಿ ಸಿಗಲಿಲ್ಲವೆಂಬ ದೃಶ್ಯ ಬಂತು. ನಿರ್ದೇಶಕರು ಎದುರು ಬದಿಯಿಂದ ನನ್ನತ್ತ ಕೈ ಮಾಡುತ್ತಿದ್ದರು. ನಾನು ಕಡಲನ್ನು ನಿಲ್ಲಿಸಿದೆ, ಅಷ್ಟೇ. ಅಕ್ಕ ಬೆನ್ನು ಹಾಕಿ ಕೂತೇ ಇದ್ದಳು. ಅವಳು ಕಾಯುತ್ತಿದ್ದಾಳೆಂದು ಅವಳ ಹೆಗಲು ನೋಡಿದರೆ ಗೊತ್ತಾಗುತ್ತಿತ್ತು. ಒತ್ತಬೇಕಿತ್ತೋ ಏನೋ. ಅಷ್ಟರಲ್ಲಿ ದೃಶ್ಯ ಮುಗಿಯಿತು.

ಆಮೇಲೊಂದು ಕಡೆ ತಾಯಿ ಒಬ್ಬಳೇ ಕೂತು ಮೀನು ಕೊಯ್ಯುವುದಿದೆ. ಯಾರೂ ಬರುವುದಿಲ್ಲ, ಏನೂ ನಡೆಯುವುದಿಲ್ಲ. ಅವಳ ಕೈ ಅಭ್ಯಾಸದಲ್ಲಿ ಓಡುತ್ತಿತ್ತು. ಯಾಕೆಂದು ಈಗಲೂ ಹೇಳಲಾರೆ, ಅಲ್ಲಿ ಒತ್ತಿದೆ.

ಅಕ್ಕನ ಕೈ ನಿಂತಿತು. ತಲೆ ಎತ್ತಿದಳು. ಇನ್ನೇನು ಏಳುತ್ತಾಳೆ ಎಂದು ನಾನು ಕಾದೆ. ಅವಳು ಏಳಲಿಲ್ಲ. ಒಂದಿಷ್ಟು ಹೊತ್ತು ಕೇಳಿ, ಮತ್ತೆ ತಲೆ ತಗ್ಗಿಸಿ ಕೊಯ್ಯತೊಡಗಿದಳು. ಕೊಯ್ಯುತ್ತಲೇ, ಮಗುವನ್ನು ಮಲಗಿಸುವವರ ಹಾಗೆ ಬಾಯಿ ಮುಚ್ಚಿಕೊಂಡು "ಊಂ, ಊಂ" ಎಂದು ಸಣ್ಣಗೆ ಗುನುಗಿದಳು. ಅಳು ತಾನಾಗಿ ಮುಗಿಯುವವರೆಗೂ ನಾನು ನಿಲ್ಲಿಸಲಿಲ್ಲ. ಚಪ್ಪಾಳೆ ಬೀಳಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಮಾತ್ರ ತಿರುಗಿ, ಯಾರ ಮಗು ಅಳುತ್ತಿದೆಯೆಂದು ಹಿಂದೆ ನೋಡಿದರು.

ಸಂಜೆ ತಂಡದ ಟೆಂಪೋದಲ್ಲಿ ಹಿಂತಿರುಗುವಾಗ ಅಕ್ಕನ ಪಕ್ಕ ಕೂತೆ. "ತಪ್ಪಾಯ್ತಾ ಅಕ್ಕಾ? ಬೇರೆ ಕಡಿ ಹಾಕ್ಕಿತ್ತಾ?" ಎಂದು ಕೇಳಿದೆ.

"ಎಂತಕ್ ತಪ್ಪಾಯ್ಕ್?"

"ನೀನ್ ಏಳ್ಲೇ ಇಲ್ಲೆ."

"ಇವತ್ ಅದ್ ಹಶಿವಿಗ್ ಕೂಗದ್ದಲ್ಲ ಹೆಣ್ಣೆ. ನಿದ್ದೆ ಬಂದ್ ಕೂಗದ್. ಎತ್ತುಕಾಗ, ಎತ್ರೆ ಎಚ್ರ ಆತ್ತ್."

"ಅಕ್ಕಾ, ಅವತ್ತಿಂದೂ ಇವತ್ತಿಂದೂ ಒಂದೇ ರೆಕಾರ್ಡಿಂಗ್. ಒಂಚೂರೂ ವ್ಯತ್ಯಾಸ ಇಲ್ಲೆ."

ಅವಳು ನನ್ನನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ. "ಹೌದಾ?" ಎಂದಳು, ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು.

ನಾನು ಲ್ಯಾಪ್‌ಟಾಪ್ ತೆರೆದು, ಹೆಡ್‌ಫೋನ್ ಹಾಕಿಕೊಂಡು ಆ ಅಳುವನ್ನು ಕೇಳಿದೆ. ಮುಗಿದ ಮೇಲೆ ಮತ್ತೆ ಹಾಕಿದೆ. ಹಸಿವೋ ನಿದ್ದೆಯೋ ನನಗೆ ತಿಳಿಯಲಿಲ್ಲ. ಯಾವ ಅಳು ಯಾತಕ್ಕೆ ಎಂದು ಕಲಿಯುವ ಆ ತಿಂಗಳುಗಳಲ್ಲಿ ನಾನು ಮಗುವಿನ ಹತ್ತಿರ ಇರಲಿಲ್ಲ. ನನ್ನ ಮಡಿಲಿಗೆ ಬರುವ ಹೊತ್ತಿಗೆ ಮಗಳು ಬೇಕಾದದ್ದಕ್ಕೆ ಕೈ ತೋರಿಸುತ್ತಿದ್ದಳು.

ಈ ನಾಟಕ ಆಮೇಲೂ ಕೆಲವು ಕಡೆ ಆಯಿತು, ಈಚೆಗೆ ಹಾಲಾಡಿಯಲ್ಲಿಯೂ ಆಯಿತು. ಪ್ರತಿ ಸಲ ನಾನು ಬೇರೆ ಕಡೆ ಒತ್ತುತ್ತೇನೆ. ಅಕ್ಕ ಕೆಲವೊಮ್ಮೆ ಏಳುತ್ತಾಳೆ, ಕೆಲವೊಮ್ಮೆ ಇಲ್ಲ. ಒಮ್ಮೆ ನಕ್ಕುಬಿಟ್ಟಳು. ಯಾಕೆಂದು ನಾನು ಕೇಳುವುದನ್ನು ಬಿಟ್ಟಿದ್ದೇನೆ. ನಿರ್ದೇಶಕರು ಮೊದಮೊದಲು ಕೂಗಾಡುತ್ತಿದ್ದರು, ಈಗ ಪರದೆಯ ಸಂದಿನಲ್ಲಿ ನಿಂತು ಅವರೂ ಕಾಯುತ್ತಾರೆ.